ಕೊಟೇಶನಪ್ಪನವರ ಮೂರು ಕಾರು

ಕೊಟೇಶನಪ್ಪನವರು ಕೊಳ್ಳಲು ಹೊರಟ ವಸ್ತು ಮನೆಗೆ ಬರುವುದೇ ಇಲ್ಲ ಅಂತ ಜನ ಆಡಿಕೊಳ್ಳುವುದು ಶುದ್ಧ ಸುಳ್ಳು. ಬರುತ್ತದೆ. ಬರುವ ಹೊತ್ತಿಗೆ ಅದರ ಅಗತ್ಯ ಮುಗಿದಿರುತ್ತದೆ, ಅಷ್ಟೆ. ಮಗಳು ಶಾಲೆಗೆ ಸೇರಿದಾಗ ಹುಡುಕತೊಡಗಿದ ಓದುವ ಮೇಜು, ಅವಳು ಮದುವೆಯಾಗಿ ಗಂಡನ ಮನೆಗೆ ಹೋದ ವರ್ಷ ಬಂದು ಇಳಿಯಿತು. ಒಳ್ಳೆಯ ಮೇಜು, ಅದರಲ್ಲಿ ಎರಡು ಮಾತಿಲ್ಲ. ಈಗ ಅದರ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಾರೆ.

ಇದಕ್ಕೆ ಕಾರಣ ಜಿಪುಣತನ ಅಲ್ಲ, ಉದ್ಯೋಗ. ಅವರು ದೊಡ್ಡದೊಂದು ಕಚೇರಿಯ ಖರೀದಿ ವಿಭಾಗದಲ್ಲಿ ಹೆಡ್ ಗುಮಾಸ್ತರು. ಅಲ್ಲಿ ಗುಂಡುಸೂಜಿಯಿಂದ ಹಿಡಿದು ಜನರೇಟರ್‌ವರೆಗೆ ಏನು ಕೊಳ್ಳಬೇಕಾದರೂ ಮೂರು ಕಡೆಯಿಂದ ಕೊಟೇಶನ್ ತರಿಸಬೇಕು, ಮೂರನ್ನೂ ಪಕ್ಕಪಕ್ಕ ಇಟ್ಟು ತೂಗಬೇಕು, ಆಮೇಲೆ ಆರ್ಡರು. ಎರಡು ಬಂದರೆ ಸಾಲದು. ಮೂರನೆಯದು ಬರುವವರೆಗೆ ಕಡತ ಮಲಗಿರುತ್ತದೆ. ಈ ನಿಯಮ ಮಾಡಿದ ಪುಣ್ಯಾತ್ಮ, ಪಾಪ, ಕಚೇರಿಗೆಂದು ಮಾಡಿದ್ದ. ನಮ್ಮವರು ಅದನ್ನು ಮನೆಗೂ ಹೊತ್ತು ತಂದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಉಳಿದು, ಮಿಕ್ಕ ಕಡೆಯೆಲ್ಲ ಅವರು ಕೊಟೇಶನಪ್ಪ ಆದರು. ಹಾಲ್‌ನ ಫ್ಯಾನು ಕೆಟ್ಟು ಎರಡು ಬೇಸಿಗೆ ಕಳೆದಿವೆ. ಎರಡು ಅಂಗಡಿಯವರು ಬೆಲೆ ಹೇಳಿದ್ದಾರೆ. ಮೂರನೆಯವನು ಅಂಗಡಿ ಮುಚ್ಚಿ ಊರು ಬಿಟ್ಟ. ಫ್ಯಾನು ಹಾಗೇ ನೇತಾಡುತ್ತಿದೆ.

ಅವರ ಬಗ್ಗೆ ಇನ್ನೆರಡು ಸಂಗತಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಒಂದು, ಪರಮ ಪ್ರಾಮಾಣಿಕರು. ಮೂರು ಕೊಟೇಶನ್ನುಗಳನ್ನು ಒಬ್ಬನೇ ಕಳ್ಳ ಬೇರೆ ಬೇರೆ ಹೆಸರಲ್ಲಿ ತಂದಿದ್ದರೆ ಮೂಸಿ ನೋಡಿಯೇ ಹಿಡಿಯುತ್ತಾರೆ. ವ್ಯಾಪಾರಿಗಳ ದುಡ್ಡಲ್ಲಿ ಒಂದು ಗುಟುಕು ಟೀ ಕುಡಿದವರಲ್ಲ. ಎರಡು, ಬದುಕಿನಲ್ಲಿ ಅವರು ಒಂದು ದೊಡ್ಡ ಯುದ್ಧ ಗೆದ್ದಿದ್ದಾರೆ. ಕೆಳಗಿನ ಅಂಗಡಿಗೆ ಬೆಳಗಿನ ಜಾವ ಬ್ರೆಡ್ಡು ಇಳಿಸುವ ವ್ಯಾನೊಂದು ಗಡಗಡ ಸದ್ದು ಮಾಡಿ ಅವರ ನಿದ್ದೆ ಕೆಡಿಸುತ್ತಿತ್ತು. ದೂರು ಬರೆದರು, ಜ್ಞಾಪನ ಬರೆದರು, ಮತ್ತೆ ಜ್ಞಾಪನ ಬರೆದರು. ಹೋದ ವರ್ಷ ಒಂದು ದಿನ ಸದ್ದು ನಿಂತೇಹೋಯಿತು. ವ್ಯಾನೇ ನಿಲ್ಲಿಸಿಬಿಟ್ಟರು ಅಂತ ಅವರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಬರವಣಿಗೆಯ ಶಕ್ತಿ ಅಂದರೆ ಅದು ಅಂತ ಅವರ ಅಭಿಪ್ರಾಯ.

ಇಂಥವರ ಮನೆಗೆ ಒಂದು ಸಂಜೆ ಹೆಂಡತಿ ಸಂಭ್ರಮ ಹೊತ್ತು ಬಂದಳು. ಊರಾಚೆಯ ಬ್ರೆಡ್ ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ. ಟ್ರೇ ತೊಳೆಯುವುದರಿಂದ ಶುರು ಮಾಡಿ, ಹಿಟ್ಟು ನಾದುವ ಯಂತ್ರ, ಒಲೆ, ಪ್ಯಾಕಿಂಗು ಎಲ್ಲ ದಾಟಿ ಬಂದವಳು. ಈಗ ಅವಳನ್ನು ಬೆಳಗಿನ ಪಾಳಿಯ ಮೇಲ್ವಿಚಾರಕಿ ಮಾಡಿದ್ದರು. ಒಂದೇ ತೊಡಕು. ಆ ಪಾಳಿ ಶುರುವಾಗುವುದು ಊರಿನ ಮೊದಲ ಬಸ್ಸು ಹೊರಡುವ ಮುಂಚೆ. ಸೋಮವಾರ ಬೆಳಗಿನ ಜಾವ ಅವಳು ಒಲೆಯ ಮುಂದೆ ನಿಂತಿರಬೇಕು. ಇಲ್ಲದಿದ್ದರೆ ಹುದ್ದೆ ಪ್ಯಾಕಿಂಗಿನ ಇನ್ನೊಬ್ಬಾಕೆಗೆ ಹೋಗುತ್ತದೆ, ಆಕೆಯೋ ಈಗಲೇ ಕುರ್ಚಿ ಒರೆಸಿ ಕಾದಿದ್ದಾಳೆ.

ಈ ಹುದ್ದೆ ಬೇಕು ಅಂತ ಹೆಂಡತಿಗೆ ಎಷ್ಟು ಆಸೆಯಿತ್ತೆಂದರೆ, ಚಪ್ಪಲಿ ಬಿಡುವುದನ್ನೂ ಮರೆತು ಹೇಳಿದಳು. ಕೊಟೇಶನಪ್ಪನವರಿಗೂ ಕಣ್ಣು ತುಂಬಿತು. ಅವರು ಎದ್ದು ನಿಂತರು.

"ಕಾರು ತಗೊಳ್ಳೋಣ. ನಾನೇ ದಿನಾ ಬಿಟ್ಟು ಬರ್ತೀನಿ," ಅಂದರು.

"ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮ ಫ್ಯಾಕ್ಟರಿಯ..." ಅಂತ ಅವಳು ಶುರು ಮಾಡಿದಳು.

ಅವರು ಕೈ ಎತ್ತಿ ತಡೆದರು. ಇದು ಖರೀದಿ ವಿಷಯ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿದ್ದೇನೆ, ನನಗೆ ಬಿಟ್ಟುಬಿಡು ಅಂದರು. ಗಂಡ ಅಷ್ಟು ಹುರುಪಿನಿಂದ ನಿಂತದ್ದನ್ನು ಅವಳು ಮದುವೆ ಆದಾಗಿನಿಂದ ನೋಡಿರಲಿಲ್ಲ. ಬಿಟ್ಟುಬಿಟ್ಟಳು.

ಹೊಸ ಕಾರಿನ ಮಾತೇ ಇಲ್ಲ, ಅವರ ಸಂಬಳಕ್ಕೆ ಹೊಸ ಕಾರಿನ ಟೈರು ಬರಬಹುದು. ಸೆಕೆಂಡ್ ಹ್ಯಾಂಡೇ ಸೈ. ಆದರೆ ಯಾವುದು? ಪುಟ್ಟ ಪೆಟ್ರೋಲ್ ಕಾರೋ, ಬ್ಯಾಟರಿ ಕಾರೋ? ಈ ಪ್ರಶ್ನೆಯನ್ನು ಅವರು ಮನೆಯೊಳಗೇ ಕೇಳಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ತಜ್ಞರ ಅಭಿಪ್ರಾಯ ಕೇಳಲು ಹೋದರು.

ಮೊದಲ ತಜ್ಞ ಹೆಂಡತಿಯ ತಮ್ಮ. ವಿಮೆ ಏಜೆಂಟು. ಬ್ಯಾಟರಿ ಕಾರಿನ ಮೇಲೆ ಅವನಿಗೆ ಪ್ರಾಣ. ಪೆಟ್ರೋಲ್ ಅಂದರೆ ದುಡ್ಡಿಗೆ ಬೆಂಕಿ ಹಚ್ಚಿ ಹಿಂದಿನ ಕೊಳವೆಯಿಂದ ಬಿಡುವುದು ಭಾವ, ಇದಕ್ಕೆ ಆಯಿಲ್ ಬೇಡ, ಕ್ಲಚ್ ಬೇಡ, ಮೆಕ್ಯಾನಿಕ್ಕಿನ ಮುಖ ನೋಡುವುದು ಬೇಡ, ರಾತ್ರಿ ಮೊಬೈಲ್ ಚುಚ್ಚಿದ ಹಾಗೆ ಚುಚ್ಚಿ ಮಲಗಿದರೆ ಆಯಿತು ಅಂತ ಒಂದೇ ಉಸಿರಿಗೆ ಹೇಳಿದ. ಹಳೇ ಬ್ಯಾಟರಿ ಎಷ್ಟು ದೂರ ಓಡುತ್ತದೆ ಅಂತ ಕೇಳಿದ್ದಕ್ಕೆ ಭವಿಷ್ಯದ ಬಗ್ಗೆ ಮಾತಾಡಿದ. ಅವನು ಓಡಾಡುವುದು ಸ್ನೇಹಿತರ ಸ್ಕೂಟರಿನ ಹಿಂದಿನ ಸೀಟಿನಲ್ಲಿ.

ಎರಡನೆಯ ತಜ್ಞರು ಮೇಲಿನ ಮನೆಯ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ತರರು. ಅವರು ಪೆಟ್ರೋಲ್ ಪಕ್ಷ. ಬ್ಯಾಟರಿ ಅನ್ನುವುದು ಟಾರ್ಚಿಗೆ, ಗಡಿಯಾರಕ್ಕೆ ಸರಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದಕ್ಕೆ ಅಲ್ಲ, ನಡುದಾರಿಯಲ್ಲಿ ನಿಂತರೆ ಬಾಟಲಿಯಲ್ಲಿ ಕರೆಂಟು ತರುತ್ತೀರಾ ಅಂತ ಕೇಳಿದರು. ಅವರ ಪುಟ್ಟ ಪೆಟ್ರೋಲ್ ಕಾರು ಕಾಂಪೌಂಡ್ ಗೋಡೆಯ ಹೊರಗೆ ಹೊದಿಕೆ ಹೊದ್ದು ವರ್ಷಗಳಿಂದ ನಿಂತಿದೆ. ಭಾನುವಾರ ಹೊದಿಕೆ ತೆಗೆದು ಒರೆಸುತ್ತಾರೆ, ಸ್ಟಾರ್ಟ್ ಮಾಡುತ್ತಾರೆ, ಆರಿಸುತ್ತಾರೆ, ಮತ್ತೆ ಹೊದಿಸುತ್ತಾರೆ. ಒಂದು ದಿನವೂ ಕೈಕೊಟ್ಟಿಲ್ಲ ಅಂತ ಅವರಿಗೆ ಹೆಮ್ಮೆ.

ಹೀಗೆ ಕಾರನ್ನೇ ಓಡಿಸದ ಇಬ್ಬರ ಮಾತು ಕೇಳಿ ಕೊಟೇಶನಪ್ಪನವರ ತಲೆ ಚಿಟ್ಟು ಹಿಡಿಯಿತು. ಆಗ ಒದಗಿದವನು ಹಳೇ ಕಾರಿನ ಬ್ರೋಕರ್. ಬಾಯಿ ತೆರೆದರೆ ಅಣ್ಣ, ಮುಚ್ಚಿದರೆ ನಗು. ಅವನ ಬಳಿ ಬಿಳಿಯ ಬ್ಯಾಟರಿ ಕಾರೊಂದಿತ್ತು. ಪೆಟ್ರೋಲ್ ಕಾರಿಗೆ ಬೇರೆ ಕಡೆ ವಿಚಾರಿಸುತ್ತೇನೆ ಅಂದದ್ದಕ್ಕೆ, ಯಾಕೆ ಓಡಾಡ್ತೀರಿ ಅಣ್ಣ, ಆ ವ್ಯಾಪಾರಿಯನ್ನೂ ನಾನೇ ಕಳಿಸುತ್ತೇನೆ ಅಂದ. ಮೂರನೆಯದೊಂದು ಬೇಕಲ್ಲ ಅಂತ ಇವರು ಪೇಚಾಡಿದ್ದಕ್ಕೆ, ಅದನ್ನೂ ನನಗೆ ಬಿಡಿ ಅಂದ. ಮೂರೂ ಶನಿವಾರ ನಿಮ್ಮ ಮನೆ ಮುಂದೆ ನಿಲ್ಲುತ್ತವೆ, ಓಡಿಸಿ, ತಡವಿ, ಕುಳಿತು ನೋಡಿ, ಬೇಡವಾದವನ್ನು ಸೋಮವಾರ ಒಯ್ಯುತ್ತೇನೆ ಅಂದ. ಇಂಥ ಸಜ್ಜನ ಕಚೇರಿಯ ವ್ಯವಹಾರದಲ್ಲಿ ಒಬ್ಬನೂ ಸಿಗಲಿಲ್ಲವಲ್ಲ ಅಂತ ಕೊಟೇಶನಪ್ಪನವರಿಗೆ ವ್ಯಥೆಯಾಯಿತು.

ಶನಿವಾರ ಮಧ್ಯಾಹ್ನ ಮೂರು ಕಾರೂ ಬಂದವು. ಮೊದಲು ಪೆಟ್ರೋಲ್ ಕಾರು, ಕೆಂಪು ಬಣ್ಣ, ಕೆಮ್ಮುತ್ತ ಒಳಗೆ ಬಂದು ಗೋಡೆಗೆ ಒತ್ತಿ ನಿಂತಿತು. ಅದರ ಹಿಂದೆ, ಚಾರ್ಜು ತೀರುತ್ತ ಬಂದು ತೆವಳುತ್ತಿದ್ದ ಬಿಳಿಯ ಬ್ಯಾಟರಿ ಕಾರು. ಆಮೇಲೆ ಗೇಟಿನಲ್ಲಿ ಬೆಳಕು ಕಮ್ಮಿಯಾಯಿತು. ಮೂರನೆಯ ಕೊಟೇಶನ್ ಬರುತ್ತಿತ್ತು. ಕರ್ರಗೆ, ಉದ್ದಕ್ಕೆ, ಫಳಫಳ ಹೊಳೆಯುತ್ತ, ಮಂತ್ರಿಗಳು ಇಳಿಯುವಂಥ ಕಾರು. ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರ ಕೈಗಳು ಅಲ್ಲಲ್ಲೇ ನಿಂತವು.

ಹಾಗೆ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೂರನೆಯ ಕೊಟೇಶನ್ ಯಾವಾಗಲೂ ಆನೆಯ ಬೆಲೆಯದ್ದೇ ಇರುತ್ತದೆ. ಉಳಿದ ಎರಡು ಅಗ್ಗ ಅಂತ ಕಾಣಲಿ ಅಂತಲೇ ಅದನ್ನು ತರುವುದು. ಕಚೇರಿಯಲ್ಲಿ ಆಗಿದ್ದರೆ ಕೊಟೇಶನಪ್ಪನವರು ಕಣ್ಣುಮುಚ್ಚಿ ಹಿಡಿಯುತ್ತಿದ್ದರು. ಇಲ್ಲಿ ಮಾತ್ರ ಮೂರು ಪೂರ್ತಿಯಾಯಿತಲ್ಲ ಅಂತ ಹೊಟ್ಟೆ ತಣ್ಣಗಾಗಿ, ಮೂರೂ ಕೀಲಿಗಳನ್ನು ಇಸಿದುಕೊಂಡು ಜೇಬಿಗೆ ಹಾಕಿ ಕುಣಿಸುತ್ತ ಮೇಲೆ ಹೋದರು.

ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಸುದ್ದಿ ಹರಡಿತ್ತು. ಕೊಟೇಶನಪ್ಪ ಮೂರು ಕಾರು ಕೊಂಡಿದ್ದಾರೆ. ಕೆಲಸ ಯಾವ ವಿಭಾಗದಲ್ಲಿ? ಖರೀದಿ ವಿಭಾಗದಲ್ಲಿ. ಸರಿ ಹಾಗಾದರೆ.

ಈ ನಾಲ್ಕು ಮಾತಿನ ಮೇಲೆ ಜನ ಯಾವ ಮಟ್ಟಕ್ಕೆ ಹೋದರು ಅಂತೀರಿ. ಇಷ್ಟು ವರ್ಷ ಹಳೇ ಚಪ್ಪಲಿ ಹಾಕಿಕೊಂಡು ತಿರುಗಿದ್ದು ಬರೀ ನಾಟಕ ಅಂತ ಒಬ್ಬರು. ಫ್ಯಾನು ರಿಪೇರಿ ಮಾಡಿಸದೇ ಇದ್ದದ್ದೂ ಕಣ್ಣಿಗೆ ಮಣ್ಣೆರಚುವುದಕ್ಕೆ ಅಂತ ಇನ್ನೊಬ್ಬರು. ವಿಚಿತ್ರ ಅಂದರೆ, ಪ್ರಾಮಾಣಿಕರಾಗಿದ್ದಾಗ ತಿರುಗಿ ನೋಡದವರೆಲ್ಲ ಈಗ ಮೆಟ್ಟಿಲಲ್ಲಿ ನಿಂತು ನಮಸ್ಕಾರ ಮಾಡತೊಡಗಿದರು. ಕಟ್ಟಡದ ಸಂಘದ ಸೆಕ್ರೆಟರಿ ಓಡಿಬಂದು, ಬಣ್ಣ ಹೊಡೆಸುವ ನಿಧಿಗೆ ತಾವೇ ಮುಂದಾಗಬೇಕು ಅಂತ ಹಲ್ಲು ಕಿರಿದ. ಬ್ಯಾಟರಿ ಕಾರು ಚಾರ್ಜ್ ಮಾಡಲು ವೈರ್ ಎಲ್ಲಿಂದ ಇಳಿಸಲಿ ಅಂತ ಇವರು ಕಿಟಕಿ ನೋಡುತ್ತಿದ್ದಾಗ, ನೀರಿನ ಪಂಪಿನ ಕೋಣೆಯಲ್ಲಿ ದೊಡ್ಡ ಪ್ಲಗ್ ಇದೆಯಲ್ಲ ಸಾರ್, ಅದು ನಿಮ್ಮದೇ ಅಂದುಕೊಳ್ಳಿ ಅಂದ. ನೆನ್ನೆಯವರೆಗೆ ಆ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರೂ ದಂಡ ಹಾಕುತ್ತಿದ್ದವನು.

ಕೊಟೇಶನಪ್ಪನವರು ಪ್ಲಗ್ ಚುಚ್ಚಿ, ಸ್ವಿಚ್ ಹಾಕಿ, ಕಾರಿನಲ್ಲಿ ಹಸಿರು ದೀಪ ಬಂದದ್ದನ್ನು ನೋಡಿ ನೆಮ್ಮದಿಯಿಂದ ಮೇಲೆ ಹೋದರು. ಅವರು ಅತ್ತ ಹೋದದ್ದೇ ಇತ್ತ ಮೇಷ್ಟ್ರು ಇಳಿದು ಬಂದು, ಎಲ್ಲರ ಕರೆಂಟು ಲಂಚದ ಕಾರಿಗೆ ಯಾಕೆ ಹೋಗಬೇಕು ಅಂತ ಸ್ವಿಚ್ ಆರಿಸಿದರು. ರಾತ್ರಿ ಭಾವಮೈದ ಬಂದು ಹಾಕಿದ. ಕೆಳಗಿನ ಮನೆಯಾಕೆ ಬೆಂಕಿ ಗಿಂಕಿ ಬಿದ್ದೀತೆಂದು ಆರಿಸಿದಳು. ಕೊನೆಗೆ ಸೆಕ್ರೆಟರಿಯೇ, ನಮಸ್ಕಾರ ಬೇರೆ ಕರೆಂಟು ಬಿಲ್ಲು ಬೇರೆ ಅಂತ ವಿವೇಕ ಹುಟ್ಟಿ, ಸ್ವಿಚ್ ಆರಿಸಿದ್ದಲ್ಲದೆ ಬಾಗಿಲಿಗೆ ಬೀಗ ಹಾಕಿಕೊಂಡು ಹೋದ. ಇದೊಂದೂ ನಮ್ಮವರಿಗೆ ಗೊತ್ತಿಲ್ಲ.

ಭಾನುವಾರ ನೆಂಟರು ಬಂದರು. ವರ್ಷಗಟ್ಟಲೆ ಮುಖ ತೋರಿಸದ ಚಿಕ್ಕಪ್ಪ ಬಂದು, ಕರೀ ಕಾರಿನಲ್ಲಿ ಒಂದು ಸುತ್ತು ಹೊಡೆಸು ಅಂತ ಹಟ ಹಿಡಿದು ಕುಳಿತ. ಅತ್ತಿಗೆ ಬಂದು, ಇಷ್ಟು ದಿನ ನಮ್ಮ ಹತ್ತಿರ ಮುಚ್ಚಿಟ್ಟಿರಲ್ಲ ಅಂತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದೂ ನನ್ನದಲ್ಲ ಅಂತ ಕೊಟೇಶನಪ್ಪನವರು ಎಷ್ಟು ಸಲ ಹೇಳಿದರೂ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹಾಗೇ ಹೇಳಬೇಕು, ಹೊರಗೆ ಯಾರು ಕೇಳಿದರೂ ಹಾಗೇ ಹೇಳು ಅಂತ ಚಿಕ್ಕಪ್ಪ ಬೆನ್ನು ತಟ್ಟಿದ. ಇದರ ಮಧ್ಯೆ ಹಳೇ ಕಾರಿನ ವ್ಯಾಪಾರಿಗಳು ಬೇರೆ, ಗಿರಾಕಿ ಬಿದ್ದಿದ್ದಾನೆ ಅಂತ ಗಾಳಿಸುದ್ದಿ ಹಿಡಿದು ಒಬ್ಬೊಬ್ಬರೇ ಬಾಗಿಲು ತಟ್ಟತೊಡಗಿದರು. ಹೆಂಡತಿ ಟೀ ಮಾಡಿ ಮಾಡಿ ಸುಸ್ತಾದಳು.

"ರೀ, ನಾಳೆ ಬೆಳಿಗ್ಗೆಗೆ ಯಾವುದೂ ಆಗದೇ ಇದ್ರೆ ನಮ್ಮ ಫ್ಯಾಕ್ಟರಿಯ..." ಅಂತ ಅಡಿಗೆಮನೆ ಬಾಗಿಲಲ್ಲಿ ನಿಂತು ಅಂದಳು.

"ಮೂರಿವೆಯಲ್ಲೇ, ಮೂರು. ಒಂದಲ್ಲದಿದ್ರೆ ಇನ್ನೊಂದು," ಅಂದರು ಅವರು. ಮತ್ತೆ ಬಾಗಿಲು ಬಡಿದ ಸದ್ದಾಯಿತು.

ಬಂದವರು ತೆಳ್ಳಗಿನ, ಕನ್ನಡಕದ, ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿದ್ದ ಒಬ್ಬ ಮನುಷ್ಯ. ವಾಸ್ತವದಲ್ಲಿ ಅವರು ಲಂಚಕೋರರನ್ನು ಹಿಡಿಯುವ ವಿಜಿಲೆನ್ಸ್ ಸಾಹೇಬರು. ಯಾರೋ ಹಿತೈಷಿ ಫೋನ್ ಮಾಡಿದ್ದ. ಯಾರು ಅಂತ ನಾನು ಹೇಳುವುದಿಲ್ಲ, ಆ ಹೊತ್ತಿನಲ್ಲಿ ಮೇಷ್ಟ್ರು ಮಾತ್ರ ಬಾಲ್ಕನಿಯಲ್ಲಿ ತುಂಬ ಗಂಭೀರವಾಗಿ ಪೇಪರ್ ಓದುತ್ತಿದ್ದರು. ಕಾರುಗಳ ವಿಷಯ ವಿಚಾರಿಸಬೇಕಿತ್ತು ಅಂದರು ಸಾಹೇಬರು. ಬೆಳಗಿನಿಂದ ಇದೇ ಮಾತು ಹೇಳಿ ಬಂದವರು ಎಷ್ಟೋ ಜನ. ಕೊಟೇಶನಪ್ಪನವರು ಇವನು ಇನ್ನೊಬ್ಬ ವ್ಯಾಪಾರಿ ಅಂತ ತೀರ್ಮಾನಿಸಿ ಕುರ್ಚಿ ತೋರಿಸಿದರು.

"ಕೆಳಗಿರೋ ಮೂರೂ ನಿಮ್ಮವಾ?" ಅಂತ ಸಾಹೇಬರು ಕೇಳಿದರು.

"ಇನ್ನೂ ತೀರ್ಮಾನ ಆಗಿಲ್ಲ. ನಿಮ್ಮದು ಎಷ್ಟು, ಅದನ್ನ ಹೇಳಿ."

"ನನ್ನದಾ?"

"ಸಂಕೋಚ ಬೇಡ. ಇಲ್ಲಿ ಮನೆಯವರೇ ಇದ್ದೀವಿ. ಎಲ್ರೂ ಮೊದಲು ಹೀಗೇ ಮುಖ ಮಾಡ್ತಾರೆ, ಆಮೇಲೆ ದಾರಿಗೆ ಬರ್ತಾರೆ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಇಷ್ಟು ಬಿಚ್ಚುಮನಸ್ಸಿನ ಭ್ರಷ್ಟನನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ನಾನು ಅಂಥವನಲ್ಲ ಅಂತ ಗಂಟಲು ಸರಿಮಾಡಿಕೊಂಡು ಹೇಳಿದರು. ಎಲ್ಲರೂ ಅಂಥವರೇ, ರೇಟು ಮಾತ್ರ ಬೇರೆ ಬೇರೆ, ನಾನು ಮೂವರಿಗಿಂತ ಕಡಿಮೆ ಜನರ ಜೊತೆ ವ್ಯವಹಾರ ಕುದುರಿಸುವವನಲ್ಲ, ಕಚೇರಿಯಲ್ಲೂ ಇದೇ ಪದ್ಧತಿ ಅಂತ ಕೊಟೇಶನಪ್ಪನವರು ಬೆನ್ನು ನೆಟ್ಟಗೆ ಮಾಡಿ ಉತ್ತರಿಸಿದರು. ಒಳಗೆ ಕುಳಿತಿದ್ದ ಚಿಕ್ಕಪ್ಪ ಇದನ್ನು ಕೇಳಿ, ಇಂಥ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ ಅಂತ ಅಭಿಮಾನಪಟ್ಟ.

ಆಗ ಸಾಹೇಬರು ಮೆಲ್ಲಗೆ ಜೇಬಿನಿಂದ ಗುರುತಿನ ಚೀಟಿ ತೆಗೆದು ಮುಂದೆ ಹಿಡಿದರು. ಕೊಟೇಶನಪ್ಪನವರು ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಚೀಟಿ ತಿರುಗಿಸಿ ಹಿಂಬದಿಯನ್ನೂ ಓದಿದರು. ಬಾಯಿಂದ ಮಾತು ಹೊರಡುವಷ್ಟರಲ್ಲಿ ಚಿಕ್ಕಪ್ಪ, ಅತ್ತಿಗೆ, ಅವರ ಜೊತೆ ಬಂದಿದ್ದವರು ಎಲ್ಲರೂ ಚಪ್ಪಲಿ ಹುಡುಕಿಕೊಂಡು ಮೆಟ್ಟಿಲಿಳಿದಾಗಿತ್ತು.

ಪಾಪ, ಅವರು ಎಲ್ಲವನ್ನೂ ಹೇಳಿದರು. ಮೂರು ಕೊಟೇಶನ್, ಹೆಂಡತಿಯ ಹುದ್ದೆ, ಬ್ಯಾಟರಿ, ಪೆಟ್ರೋಲ್. ಸಾಹೇಬರು ಕೇಳಿಕೊಂಡರು. ನಾನು ಬೇಕಾದಷ್ಟು ಕಥೆ ಕೇಳಿದ್ದೇನೆ, ಇಂಥದ್ದನ್ನು ಕಟ್ಟಲು ಒಬ್ಬನಿಗೂ ಧೈರ್ಯ ಬಂದಿರಲಿಲ್ಲ ಅಂದರು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಟೀ ತಂದಿಟ್ಟಳು. ಸೆಕೆಗೆ ಸಾಹೇಬರು ಮುಖ ಒರೆಸಿಕೊಳ್ಳುತ್ತ, ಫ್ಯಾನ್ ಹಾಕಿ ತಾಯಿ ಅಂದರು.

"ಎರಡು ಬೇಸಿಗೆಯಿಂದ ತಿರುಗ್ತಿಲ್ಲ ಸಾರ್. ಇನ್ನೊಂದು ಅಂಗಡಿಯವನು ಬೆಲೆ ಹೇಳ್ಬೇಕಂತೆ," ಅಂದಳು ಅವಳು.

ಅಷ್ಟಕ್ಕೇ ಬಿಡಲಿಲ್ಲ, ಮಗಳ ಓದುವ ಮೇಜನ್ನೂ ತೋರಿಸಿದಳು. ಅದರ ಮೇಲಿದ್ದ ಇಸ್ತ್ರಿಪೆಟ್ಟಿಗೆಯನ್ನೂ ತೋರಿಸಿದಳು. ಸಾಹೇಬರು ತಲೆಯೆತ್ತಿ ಫ್ಯಾನನ್ನು ಬಹಳ ಹೊತ್ತು ನೋಡಿದರು. ಅದರ ರೆಕ್ಕೆಯ ತುದಿಯಲ್ಲಿ ಜೇಡ ಬಲೆ ಕಟ್ಟಿ ಸಂಸಾರ ಹೂಡಿತ್ತು. ಅವರ ಮುಖ ಮೆತ್ತಗಾಯಿತು. ಲಂಚ ತಿನ್ನುವವನು ಸೆಕೆಯಲ್ಲಿ ಹೀಗೆ ಬೇಯುವುದಿಲ್ಲ ಅಂತ ಅವರ ಅನುಭವ ಹೇಳಿತು. ಟೀ ಕುಡಿದು, ಮೇಜಿನ ಮೇಲಿದ್ದ ಮೂರು ಕೀಲಿಗಳನ್ನು ಎತ್ತಿ ನೋಡಿದರು. ಮೂರಕ್ಕೂ ಒಂದೇ ಹಳದಿ ದಾರ, ಒಂದೇ ಥರದ ಗಂಟು.

"ಖರೀದಿ ವಿಭಾಗದವರು ನೀವು. ಇದು ಮೂರು ಕಡೆಯದ್ದು ಅಂತ ನಂಬಿದ್ರಾ?"

ಕೊಟೇಶನಪ್ಪನವರು ದಾರ ನೋಡಿದರು. ಇಷ್ಟು ವರ್ಷದ ಹೆಮ್ಮೆಯೆಲ್ಲ ಒಂದೇ ಸಲಕ್ಕೆ ಇಳಿದುಹೋಯಿತು. ಬ್ರೋಕರನ ಕಾರಿನ ಅಂಗಳಕ್ಕೆ ಈ ವಾರ ಸಿಮೆಂಟು ಹಾಕುತ್ತಿದ್ದಾರೆ, ಗಾಡಿ ನಿಲ್ಲಿಸಲು ಅವನಿಗೆ ಜಾಗ ಬೇಕಿತ್ತು ಅಂತ ಸಾಹೇಬರೇ ತಿಳಿಸಿದರು. ಅವರು ಬರುವ ದಾರಿಯಲ್ಲೇ ಆ ಅಂಗಳವಂತೆ. ಹೊರಡುವಾಗ ಬಾಗಿಲಲ್ಲಿ ನಿಂತು, ಸ್ವಲ್ಪ ದನಿ ತಗ್ಗಿಸಿ, ಅಂದ ಹಾಗೆ ಬ್ಯಾಟರಿಯದ್ದು ಪರವಾಗಿಲ್ಲವಾ, ನನ್ನ ಹಳೇ ಪೆಟ್ರೋಲ್ ಗಾಡಿ ಸಂಬಳವನ್ನೆಲ್ಲ ಕುಡಿಯುತ್ತಿದೆ, ನಿಮ್ಮ ತೀರ್ಮಾನ ಆದ ಮೇಲೆ ಒಂದು ಮಾತು ತಿಳಿಸಿ ಅಂದರು. ಕೊಟೇಶನಪ್ಪನವರು ಹಳದಿ ದಾರದ ಗಂಟನ್ನು ಉಗುರಿನಿಂದ ಕೆರೆಯುತ್ತಿದ್ದರು.

ಆದರೂ ಸೋಮವಾರ ಬಂತು. ಇನ್ನೂ ಕತ್ತಲಿರುವಾಗಲೇ ಹೆಂಡತಿ ಹೊಸ ಬಿಳಿ ಕೋಟು ಹಾಕಿ, ತಲೆಗೆ ಟೊಪ್ಪಿ ಕಟ್ಟಿ ಸಿದ್ಧಳಾದಳು. ನಿಂತ ಠೀವಿ ನೋಡಿ ಕೊಟೇಶನಪ್ಪನವರ ಎದೆ ತುಂಬಿತು. ಯಾವನು ಮೋಸ ಮಾಡಿದರೇನು, ಕಾರಂತೂ ಇದೆ, ಇವತ್ತು ಇವಳನ್ನು ಹೊತ್ತಿಗೆ ಸರಿಯಾಗಿ ತಲುಪಿಸಿಯೇ ಸಿದ್ಧ ಅಂತ ಕೀಲಿಗಳನ್ನು ಹಿಡಿದು ಇಳಿದರು.

ಬ್ಯಾಟರಿ ಕಾರು ಬಾಗಿಲು ತೆರೆಯಿತು. ಒಂದು ಸಲ ಮಿಣುಕ್ ಅಂದಿತು. ಅಷ್ಟೇ. ಪಂಪಿನ ಕೋಣೆಗೆ ಓಡಿ ನೋಡಿದರೆ ಬಾಗಿಲಿಗೆ ಬೀಗ. ಆಗಲಿ, ಪೆಟ್ರೋಲ್ ಇದೆ. ಕೆಂಪು ಕಾರು ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಸ್ಟಾರ್ಟ್ ಆಯಿತು. ಆದರೆ ಅದು ಗೋಡೆಗೆ ಒತ್ತಿ ನಿಂತಿದೆ, ಹಿಂದೆ ಜೀವವಿಲ್ಲದ ಬಿಳಿ ಕಾರು, ಅದರಾಚೆ ಗೇಟಿಗೆ ಅಡ್ಡಲಾಗಿ ಕರೀ ಆನೆ. ಮೊದಲು ಆನೆಯನ್ನು ಸರಿಸಬೇಕು. ಆನೆಗೆ ಕೀಲಿ ಹಾಕುವ ತೂತೇ ಇಲ್ಲ. ಅವರು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದರು. ಸೀಟು ಹಿಂದಕ್ಕೆ ಮಲಗಿತು, ಅದರ ಜೊತೆ ಅವರೂ ಮಲಗಿದರು. ಗಾಜು ಇಳಿಯಿತು. ಆಮೇಲೆ ಇಡೀ ಕಾರು ಪೆಂ ಪೆಂ ಅಂತ ಅರಚಿಕೊಳ್ಳಲು ಶುರುವಿಟ್ಟಿತು. ಎಲ್ಲ ದೀಪಗಳೂ ಮಿಣಮಿಣ ಅಂದವು.

ಕಟ್ಟಡಕ್ಕೆ ಕಟ್ಟಡವೇ ಎದ್ದು ಬಾಲ್ಕನಿಗೆ ಬಂತು. ಮೇಷ್ಟ್ರು ಬ್ಯಾಟರಿಯ ವಿರುದ್ಧ ಮೇಲಿನಿಂದಲೇ ಭಾಷಣ ಶುರು ಮಾಡಿದರು. ಅರಚುತ್ತಿರುವುದು ಬ್ಯಾಟರಿ ಕಾರಲ್ಲ ಅಂತ ಯಾರೋ ತಿದ್ದಿದರು. ಹಾಗಿದ್ದರೆ ನಿಮ್ಮ ಕಾರನ್ನೇ ತೆಗೀರಿ ಮೇಷ್ಟ್ರೇ, ಆಕೆಯನ್ನ ಬಿಟ್ಟು ಬನ್ನಿ ಅಂತ ಇನ್ಯಾರೋ ಅಂದರು. ಮೇಷ್ಟ್ರು, ಇವತ್ತು ಭಾನುವಾರ ಅಲ್ಲವಲ್ಲ ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸೆಕ್ರೆಟರಿ ಪಂಪಿನ ಕೋಣೆಯ ಬೀಗದ ಕೈಯನ್ನು ಅಂಗಿಯ ಜೇಬಿನಲ್ಲಿ ಹುಡುಕಿದ, ಪ್ಯಾಂಟಿನ ಜೇಬಿನಲ್ಲಿ ಹುಡುಕಿದ, ಕೊನೆಗೆ ತಾನು ಲುಂಗಿಯಲ್ಲಿದ್ದೇನೆ ಅಂತ ಅವನಿಗೆ ಹೊಳೆಯಿತು.

ಕೊಟೇಶನಪ್ಪನವರು ಮಲಗಿದ ಸೀಟಿನಿಂದ ಹೇಗೋ ಹೊರಬಂದು ನಿಂತರು. ಹೆಂಡತಿಯ ಮುಖ ನೋಡುವ ಧೈರ್ಯ ಆಗಲಿಲ್ಲ. ಮೂರು ಕಾರು ಮನೆ ಮುಂದೆ ನಿಂತಿವೆ, ಅವಳು ಟ್ರೇ ತೊಳೆದು ತೊಳೆದು ಸಂಪಾದಿಸಿದ್ದು ಕೈಬಿಟ್ಟು ಹೋಗುತ್ತಿದೆ, ಅದೂ ನನ್ನಿಂದ ಅಂತ ಅವರಿಗೆ ಅಳುವೇ ಬಂತು.

"ತಪ್ಪಾಯ್ತು ಕಣೇ," ಅಂದರು.

ಅಷ್ಟರಲ್ಲಿ ಗೇಟಿನಾಚೆ ಒಂದು ವ್ಯಾನು ಬಂದು ನಿಂತಿತು. ಬಂದದ್ದು ಕಾಣಿಸಿತೇ ಹೊರತು ಕೇಳಿಸಲಿಲ್ಲ. ಡ್ರೈವರ್ ಇಳಿದು, ಕೆಳಗಿನ ಅಂಗಡಿಯ ಮುಂದೆ ಬ್ರೆಡ್ಡಿನ ಟ್ರೇ ಇಟ್ಟು, ಬೆಲ್ಟು ಸರಿಮಾಡಿಕೊಂಡು, ಮೇಡಂ, ವಾಪಸ್ಸು ಫ್ಯಾಕ್ಟರಿಗೇ ಹೊರಟಿದ್ದೀನಿ, ಬರ್ತೀರಾ ಅಂತ ಕೇಳಿದ.

ಕೊಟೇಶನಪ್ಪನವರು ಅವನನ್ನೇ ದಿಟ್ಟಿಸಿದರು. "ಈ ವ್ಯಾನು ನಿಂತುಹೋಗಿತ್ತಲ್ಲ?"

"ಒಂದು ದಿನವೂ ನಿಂತಿಲ್ಲ ಸಾರ್. ಹೋದ ವರ್ಷ ಬ್ಯಾಟರಿ ಗಾಡಿ ಕೊಟ್ರು. ಸದ್ದಿಲ್ಲ, ಅಷ್ಟೇ. ಯಾರೋ ಮಹಾನುಭಾವರು ದೂರಿನ ಮೇಲೆ ದೂರು ಬರೀತಿದ್ರಂತೆ, ಅವರು ಈಗ ಗೊರಕೆ ಹೊಡೀತಿರ್ತಾರೆ," ಅಂದ ಡ್ರೈವರ್.

ಹೆಂಡತಿ ಆಗಲೇ ಹತ್ತಿ ಕುಳಿತಿದ್ದಳು. ಎರಡು ಸಲ ಹೇಳಲು ಬಂದ ಮಾತು ಇದೇ ಅಂತ ಆಕೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗೇಟಿನ ಹತ್ತಿರ ನಿಂತಿದ್ದರೆ ಹತ್ತಿಸಿಕೋ ಅಂತ ಅವಳು ಶನಿವಾರವೇ ಡ್ರೈವರನಿಗೆ ಹೇಳಿಟ್ಟಿದ್ದಳು. ಕಿಟಕಿಯಿಂದ ತಲೆ ಹಾಕಿ, ಅಳಬೇಡಿ, ಒಳಗೆ ಹೋಗಿ ಟೀ ಕುಡೀರಿ, ನೀವು ಅಷ್ಟು ಆಸೆಯಿಂದ ಓಡಾಡ್ತಿದ್ರಿ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ ಅಂದಳು. ವ್ಯಾನು ಬಂದ ಹಾಗೇ ಸದ್ದಿಲ್ಲದೆ ಹೋಯಿತು. ಆನೆ ಇನ್ನೂ ಅರಚುತ್ತಲೇ ಇತ್ತು.

ಪಾಳಿ ಮುಗಿಸಿ ಅವಳು ಮಧ್ಯಾಹ್ನ ಬಂದಾಗ ಬ್ರೋಕರ್ ಕಾರುಗಳನ್ನು ಒಯ್ಯಲು ಬಂದಿದ್ದ. ಅಣ್ಣ ಯಾವುದು ಇಷ್ಟ ಆಯ್ತು ಅಂತ ನಗುತ್ತಿದ್ದ. ಅಣ್ಣ ಕಚೇರಿಗೆ ರಜೆ ಹಾಕಿ, ತಿರುಗದ ಫ್ಯಾನಿನ ಕೆಳಗೆ ಮಲಗಿದ್ದರು. ಮಾತುಕತೆ ಅವಳೇ ಮಾಡಿದಳು. ವ್ಯಾನಿನ ಡ್ರೈವರನ್ನು ಜೊತೆಗೆ ಕರೆತಂದಿದ್ದಳು. ಪಂಪಿನ ಕೋಣೆ ತೆರೆಸಿ ಬಿಳಿ ಕಾರಿಗೆ ಚಾರ್ಜು ಹಿಡಿಸಿದರು. ಅವನು ಒಂದು ಸುತ್ತು ಓಡಿಸಿ ಬಂದು, ಬ್ಯಾಟರಿ ಮುದಿಯಾಗಿದೆ, ದೂರದೂರಿಗೆ ಆಗಲ್ಲ, ಫ್ಯಾಕ್ಟರಿಗೆ ಹೋಗಿಬರೋಕೆ ಬೇಕಾದಷ್ಟಾಯ್ತು ಅಂದ. ಫ್ಯಾಕ್ಟರಿಯ ಅಂಗಳದಲ್ಲಿ ವ್ಯಾನುಗಳಿಗೆಂದು ಸಾಲಾಗಿ ಪ್ಲಗ್ಗುಗಳಿದ್ದವು. ಪಾಳಿ ಮುಗಿಯುವಷ್ಟರಲ್ಲಿ ಕಾರು ತುಂಬಿರುತ್ತದೆ. ಹಗಲೆಲ್ಲ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿ ಪ್ಲಗ್ ಇದೆಯಾ ಅಂತ ಒಂದು ವಾರದ ಚರ್ಚೆಯಲ್ಲಿ ಯಾವ ತಜ್ಞನೂ ಕೇಳಿರಲಿಲ್ಲ. ಆಮೇಲೆ ಅವಳು ಬ್ರೋಕರನ ಕಡೆ ತಿರುಗಿ, ಬಿಳಿ ಕಾರು ನಮಗಿರಲಿ, ಅದರ ಬೆಲೆಯಲ್ಲಿ ನಮ್ಮ ಕಾಂಪೌಂಡಿನಲ್ಲಿ ಮೂರು ಗಾಡಿ ನಿಲ್ಲಿಸಿದ್ದಕ್ಕೆ ಬಾಡಿಗೆ, ಕಟ್ಟಡ ಎಬ್ಬಿಸಿದ್ದಕ್ಕೆ ಇನ್ನೊಂದಿಷ್ಟು ಮುರಿದುಕೋ ಅಂದಳು. ಬ್ರೋಕರನ ನಗು ಅವತ್ತು ಮೊದಲ ಸಲ ನಿಂತಿತು.

ಹೆಂಡತಿ ಕಾರು ಓಡಿಸುವುದನ್ನು ಫ್ಯಾಕ್ಟರಿಯ ಅಂಗಳದಲ್ಲೇ ಕಲಿತು ಲೈಸೆನ್ಸ್ ಮಾಡಿಸಿದ್ದಳು. ಅದನ್ನೂ ಗಂಡನಿಗೆ ಹೇಳಲು ಒಂದೆರಡು ಸಲ ಬಾಯಿ ತೆರೆದದ್ದುಂಟು. ಸಂಜೆ ಅವಳು ಬಿಳಿ ಕಾರನ್ನು ಗೇಟಿನ ಮುಂದೆ ತಂದು ನಿಲ್ಲಿಸಿ, ಬನ್ನಿ ಒಂದು ಸುತ್ತು ಹೋಗಿ ಬರೋಣ, ದಾರಿಯಲ್ಲಿ ಫ್ಯಾನ್ ಅಂಗಡಿಯೂ ಇದೆ ಅಂದಳು. ಬಾಲ್ಕನಿಗಳೆಲ್ಲ ತುಂಬಿದ್ದವು. ಕೊಟೇಶನಪ್ಪನವರು ಕಾರಿನ ಸುತ್ತ ಒಂದು ಸುತ್ತು ಬಂದರು. ಟೈರಿಗೆ ಮೆಲ್ಲಗೆ ಕಾಲು ತಾಗಿಸಿ ನೋಡಿದರು. ಕಿಟಕಿಯ ಹತ್ತಿರ ಬಗ್ಗಿ ನಿಂತರು. ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು, ತಡೆಯಲಾಗಲಿಲ್ಲ.

"ಅಲ್ವೇ, ಒಂದನ್ನೇ ನೋಡಿ ತಗೊಂಡುಬಿಟ್ಯಲ್ಲ. ಬೇರೆ ಕಡೆ ಇನ್ನೆರಡು ವಿಚಾರಿಸಬಾರದಾಗಿತ್ತಾ?"

ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಮೂರು ನೋಡಿ ಆರಿಸೋ ಬುದ್ಧಿ ನನಗೆ ಇದ್ದಿದ್ರೆ, ನೀವು ಈ ಮನೇಲಿ ಇರ್ತಿದ್ರಾ?"

ಕೊಟೇಶನಪ್ಪನವರು ಯೋಚಿಸಿದರು. ಆ ಕಡೆಯ ಬಾಗಿಲು ತೆರೆದು ಕುಳಿತು, ಸೀಟ್ ಬೆಲ್ಟು ಹಾಕಿಕೊಂಡರು.